ರಷ್ಯನ್ ಕಲಿಯಲು ಹೊರಟ ಮಕ್ಕಳನ್ನು ತಡೆಯಬೇಡಿ
(ನ್ಯೂಜಿಲೆಂಡಿನ ಕನ್ನಡ ಮನೆಗಳಿಗೆ ಒಂದು ಬಹಿರಂಗ ಪತ್ರ)



ನವೆಂಬರ್ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಮಾತು ಶುರುವಾಗುತ್ತವೆ. ಈ ಸಲ ಊರಿಗೆ ಯಾವಾಗ ಹೊರಡುವುದು ಎಂಬುದು ಒಂದು. ವಿಶ್ವವಿದ್ಯಾಲಯದಲ್ಲಿ ಓದುವ ಮಕ್ಕಳು ಫೆಬ್ರವರಿ ಕೊನೆಯವರೆಗಿನ ಉದ್ದನೆಯ ರಜೆಯಲ್ಲಿ ಏನು ಮಾಡಬೇಕು ಎಂಬುದು ಇನ್ನೊಂದು. ಹೆಚ್ಚಿನವರು ಅಂಗಡಿಯಲ್ಲೋ ಹಣ್ಣಿನ ತೋಟದಲ್ಲೋ ಕೆಲಸಕ್ಕೆ ಸೇರುತ್ತಾರೆ, ಇಂಟರ್ನ್‌ಶಿಪ್ ಹುಡುಕುತ್ತಾರೆ. ಕೆಲವರು ಮಾತ್ರ ಬೇರೆಯದನ್ನು ಕೇಳುತ್ತಿದ್ದಾರೆ. ಜನವರಿಯಲ್ಲಿ ಮೂರು-ನಾಲ್ಕು ವಾರ ರಷ್ಯನ್ ಭಾಷೆ ಮತ್ತು ಸಂಸ್ಕೃತಿಯನ್ನು ಕಲಿಸುವ ಚಳಿಗಾಲದ ಕೋರ್ಸಿಗೆ ಹೋಗಲೇ ಎಂಬುದು ಅವರ ಪ್ರಶ್ನೆ. ನಮಗೆ ಇಲ್ಲಿ ಬೇಸಿಗೆ ರಜೆ ಇರುವಾಗ ಉತ್ತರ ಗೋಳಾರ್ಧದಲ್ಲಿ ಹಿಮ ಬೀಳುತ್ತಿರುತ್ತದೆ. ಹಾಗಾಗಿ ಇಲ್ಲಿನ ಓದಿಗೆ ಯಾವ ಅಡ್ಡಿಯೂ ಇಲ್ಲದೆ ಆ ಚಳಿಗಾಲವನ್ನು ಬಳಸಿಕೊಳ್ಳಲು ನಮ್ಮ ಮಕ್ಕಳಿಗೆ ಸಾಧ್ಯ.

ವಾರಾಂತ್ಯದ ಕನ್ನಡ ತರಗತಿಯಲ್ಲಿ ನಿಮ್ಮ ಮಕ್ಕಳಿಗೆ ಅಕ್ಷರ ಕಲಿಸುವವಳು ನಾನು. ಈ ಪ್ರಶ್ನೆಗೆ ಮನೆಗಳಲ್ಲಿ ಸಿಗುವ ಉತ್ತರವನ್ನು ಮಕ್ಕಳ ಬಾಯಲ್ಲೇ ಕೇಳಿದ್ದೇನೆ. “ರಷ್ಯನ್ ಕಲಿತು ಏನು ಮಾಡ್ತೀಯ? ಅದೂ ಈಗ, ಯುದ್ಧ ನಡೀತಿರೋವಾಗ?” ಈ ಮಾತಿನ ಹಿಂದಿರುವ ಭಯ ನನಗೆ ಅರ್ಥವಾಗುತ್ತದೆ. ಆದರೂ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ: ಬೇಡ ಎಂದು ಬಾಗಿಲು ಮುಚ್ಚಬೇಡಿ. ಎಲ್ಲಿಗೆ, ಯಾವಾಗ, ಯಾವ ಸಿದ್ಧತೆಯೊಂದಿಗೆ ಹೋಗಬೇಕು ಎಂಬುದನ್ನು ಮಕ್ಕಳೊಂದಿಗೆ ಕೂತು ತೀರ್ಮಾನಿಸಿ. ಒಂದು ದೊಡ್ಡ ದೇಶದ ಸರ್ಕಾರವನ್ನು ನಾವು ಒಪ್ಪದ ಕಾಲದಲ್ಲಿ ಆ ದೇಶದ ಭಾಷೆ ಬಲ್ಲವರ ಅಗತ್ಯ ಹೆಚ್ಚುತ್ತದೆ ಎಂದು ನಾನು ನಂಬುತ್ತೇನೆ.

ಮೊದಲು ನಮ್ಮ ಮನೆಯ ಕಡೆಯಿಂದಲೇ ನೋಡೋಣ. ನಿಮ್ಮಲ್ಲಿ ಎಪ್ಪತ್ತು-ಎಂಬತ್ತರ ದಶಕದಲ್ಲಿ ಕರ್ನಾಟಕದಲ್ಲಿ ಬೆಳೆದವರಿಗೆ ಸೋವಿಯತ್ ಲ್ಯಾಂಡ್ ಪತ್ರಿಕೆ ನೆನಪಿರಬೇಕು. ಅದರ ನುಣುಪು ಹಾಳೆಗಳಿಂದ ಶಾಲೆಯ ಪುಸ್ತಕಗಳಿಗೆ ಬೈಂಡ್ ಹಾಕಿದವರು ನಾವು. 1960ರಲ್ಲಿ ಆರಂಭವಾದ ನವಕರ್ನಾಟಕ ಪ್ರಕಾಶನದ ಮಳಿಗೆಗಳಲ್ಲಿ ಮಾಸ್ಕೋದಲ್ಲಿ ಅಚ್ಚಾದ ಮಕ್ಕಳ ಪುಸ್ತಕಗಳು ಕೈಗೆಟಕುವ ಬೆಲೆಗೆ ಸಿಗುತ್ತಿದ್ದವು. ಗಾರ್ಕಿಯ ‘ತಾಯಿ’ ಕಾದಂಬರಿಯನ್ನು ಕನ್ನಡಕ್ಕೆ ತಂದವರು ನಿರಂಜನ. ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯಂಥ ಬೃಹತ್ ಕೃತಿಯನ್ನು ಅನುವಾದಿಸಿದವರು ದೇ. ಜವರೇಗೌಡರು. ಚೆಖೋವನ ಕತೆಗಳನ್ನು ಓದದೆ ಬೆಳೆದ ಕನ್ನಡ ಕತೆಗಾರರು ಕಡಿಮೆ. ಆದರೆ ಈ ಸಾಹಿತ್ಯದಲ್ಲಿ ಹೆಚ್ಚಿನದು ಇಂಗ್ಲಿಷಿನ ಮೂಲಕವೇ ನಮಗೆ ಬಂತು. ರಷ್ಯನ್ನಿನಿಂದ ನೇರವಾಗಿ ಕನ್ನಡಕ್ಕೆ ತರಬಲ್ಲವರು ಅಂದೂ ಬೆರಳೆಣಿಕೆಯಷ್ಟಿದ್ದರು. ಆಕ್ಲೆಂಡಿನಲ್ಲೋ ವೆಲಿಂಗ್ಟನ್ನಿನಲ್ಲೋ ಬೆಳೆದು, ಮನೆಯಲ್ಲಿ ಕನ್ನಡ ಉಳಿಸಿಕೊಂಡು, ರಷ್ಯನ್ ಕಲಿಯುವ ಮಗುವೊಂದು ಮುಂದೆ ಆ ನೇರ ದಾರಿಯನ್ನು ತೆರೆಯಬಹುದು.

ಈ ಸಂಬಂಧ ಸೋವಿಯತ್ ಕಾಲಕ್ಕಿಂತ ಬಹಳ ಹಳೆಯದು. ಹದಿನೈದನೆಯ ಶತಮಾನದಲ್ಲಿ ತ್ವೇರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಒಂದು ಕುದುರೆಯೊಂದಿಗೆ ಭಾರತದ ಪಶ್ಚಿಮ ಕರಾವಳಿಯಲ್ಲಿಳಿದು, ಘಟ್ಟ ಹತ್ತಿ ಬೀದರಿಗೆ ಬಂದ. ಆಗ ಬೀದರ್ ಬಹಮನಿಗಳ ರಾಜಧಾನಿ. ಮಹಮೂದ್ ಗವಾನ್ ಅಲ್ಲಿನ ಪ್ರಧಾನಿ. ನಿಕಿತಿನ್ ತನ್ನ ಕುದುರೆಯನ್ನು ಅಲ್ಲೇ ಮಾರಿದ, ಆಳಂದದ ಜಾತ್ರೆಯ ವಿಚಾರ ಬರೆದ, ಸ್ಥಳೀಯರ ಮನೆಗಳ ಊಟ-ಪೂಜೆಗಳನ್ನು ಹತ್ತಿರದಿಂದ ಕಂಡ. ಅವನ ಬರಹದ ನಡುನಡುವೆ ಪೇಟೆಯಲ್ಲಿ ಕಲಿತ ತುರ್ಕಿ, ಪಾರಸಿ, ಅರಬ್ಬಿ ಮಾತುಗಳು ಬೆರೆತಿವೆ. ಅಷ್ಟು ಭಾಷೆ ಬಂದದ್ದು ಜನರೊಂದಿಗೆ ಬೆರೆಯಲು ಅವನಿಗೆ ನೆರವಾಗಿರಬೇಕು. ಊರಿಗೆ ಮರಳುವ ದಾರಿಯಲ್ಲಿ ಅವನು ತೀರಿಕೊಂಡರೂ ಟಿಪ್ಪಣಿಗಳು ಉಳಿದವು. ಐನೂರು ವರ್ಷಗಳ ಹಿಂದಿನ ಬೀದರಿನ ಬೀದಿಗಳು ಇಂದಿಗೂ ರಷ್ಯನ್ ಓದುಗರಿಗೆ ಗೊತ್ತಿರುವುದು ಆ ಒಬ್ಬ ವ್ಯಾಪಾರಿಯಿಂದ. 1975ರ ಏಪ್ರಿಲ್ 19ರಂದು ಬೆಂಗಳೂರಿನ ಪೀಣ್ಯದಲ್ಲಿ ತಯಾರಾದ ಆರ್ಯಭಟ ಉಪಗ್ರಹ ಸೋವಿಯತ್ ರಾಕೆಟ್ಟಿನ ಮೇಲೆ ಕಪೂಸ್ತಿನ್ ಯಾರ್‌ನಿಂದ ಹಾರಿದ್ದೂ ಇದೇ ಸಂಬಂಧದ ಇನ್ನೊಂದು ಘಟ್ಟ.

ಈಗ ನಾವು ಬದುಕು ಕಟ್ಟಿಕೊಂಡಿರುವ ಈ ನೆಲದ ಕಡೆಯಿಂದ ನೋಡಿ. 1820ರ ಚಳಿಗಾಲದಲ್ಲಿ ಬೆಲ್ಲಿಂಗ್ಸ್‌ಹೌಸೆನ್ ಮತ್ತು ಲಾಜರೆವ್ ನಾಯಕತ್ವದ ಎರಡು ರಷ್ಯನ್ ಹಡಗುಗಳು, ವೊಸ್ತೋಕ್ ಮತ್ತು ಮೀರ್ನಿ, ದಕ್ಷಿಣ ದ್ವೀಪದ ಕ್ವೀನ್ ಷಾರ್ಲೆಟ್ ಸೌಂಡಿನಲ್ಲಿ, ಅಂದರೆ ಮಾವೋರಿಗಳ ತೋತರಾನುಯಿಯಲ್ಲಿ, ಲಂಗರು ಹಾಕಿದವು. ಚಿತ್ರಕಾರ ಪಾವೆಲ್ ಮಿಖಾಯ್ಲೊವ್ ಅಲ್ಲಿನ ಮಾವೋರಿಗಳ ಮುಖ, ಉಡುಗೆ, ಕುಣಿತಗಳನ್ನು ಚಿತ್ರಿಸಿದ. ಕಜಾನ್ ವಿಶ್ವವಿದ್ಯಾಲಯದ ಖಗೋಳಜ್ಞ ಇವಾನ್ ಸಿಮೊನೊವ್ ವಸ್ತುಗಳನ್ನು ಸಂಗ್ರಹಿಸಿದ. ಕೆಲವೇ ವರ್ಷಗಳಲ್ಲಿ ಮಸ್ಕೆಟ್ ಯುದ್ಧಗಳ ದಾಳಿಗೆ ಸಿಕ್ಕಿ ಅಲ್ಲಿನ ಹಳ್ಳಿಗಳು ಚೆಲ್ಲಾಪಿಲ್ಲಿಯಾದವು. ಆ ಜನರ ಅಂದಿನ ಬದುಕಿಗೆ ಉಳಿದಿರುವ ಅಮೂಲ್ಯ ಸಾಕ್ಷ್ಯಗಳಲ್ಲಿ ಕೆಲವು ಇಂದು ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಕಜಾನ್ ಸಂಗ್ರಹಾಲಯಗಳಲ್ಲಿವೆ; ಅವುಗಳ ಮೊದಲ ವಿವರಣೆಗಳಿರುವುದು ರಷ್ಯನ್ನಿನಲ್ಲಿ. ಈ ದೇಶದ ಚರಿತ್ರೆಯ ಒಂದು ಪುಟವನ್ನು ಓದಲು ರಷ್ಯನ್ ಬೇಕು.

ಭಾಷೆ ಗೊತ್ತಿಲ್ಲದ ಕಡೆ ಭಯ ಎಷ್ಟು ಸುಲಭವಾಗಿ ಬೆಳೆಯುತ್ತದೆ ಎಂಬುದಕ್ಕೂ ಆಕ್ಲೆಂಡಿನಲ್ಲೇ ನಿದರ್ಶನವಿದೆ. 1873ರ ಫೆಬ್ರವರಿಯಲ್ಲಿ ಡೈಲಿ ಸದರ್ನ್ ಕ್ರಾಸ್ ಪತ್ರಿಕೆಯ ಸಂಪಾದಕರು, ರಷ್ಯನ್ ಯುದ್ಧನೌಕೆಯೊಂದು ರಾತ್ರೋರಾತ್ರಿ ಬಂದರಿಗೆ ನುಗ್ಗಿ ಬ್ಯಾಂಕುಗಳ ಚಿನ್ನ ದೋಚಿತು, ನಗರದ ಪ್ರಮುಖರನ್ನು ಒತ್ತೆಯಾಗಿರಿಸಿಕೊಂಡಿತು ಎಂದು ಕಟ್ಟುಕತೆ ಅಚ್ಚು ಮಾಡಿದರು. ಬಂದರಿನ ರಕ್ಷಣೆ ಎಷ್ಟು ದುರ್ಬಲವೆಂದು ತೋರಿಸುವುದು ಅವರ ಉದ್ದೇಶವಾಗಿತ್ತು. ನಂಬಿದ ಜನ ಗಾಬರಿಯಾದರು. ಮುಂದೆ 1885ರ ಹೊತ್ತಿಗೆ ರಷ್ಯನ್ನರ ಭಯದಿಂದಲೇ ಕರಾವಳಿಯ ಉದ್ದಕ್ಕೂ ಕೋಟೆಗಳೆದ್ದವು. ಡೆವನ್‌ಪೋರ್ಟಿನ ನಾರ್ತ್ ಹೆಡ್‌ಗೆ ವಾರಾಂತ್ಯದಲ್ಲಿ ಮಕ್ಕಳೊಂದಿಗೆ ಹೋಗುವ ನೀವು ಆ ಸುರಂಗಗಳನ್ನು ನೋಡಿಯೇ ಇರುತ್ತೀರಿ. ಅದೇ ಆಕ್ಲೆಂಡಿನಲ್ಲಿ 1912ರಲ್ಲಿ ಹುಟ್ಟಿದ ಪ್ಯಾಡಿ ಕಾಸ್ಟೆಲೊ 1944ರಲ್ಲಿ ಮಾಸ್ಕೋದ ನ್ಯೂಜಿಲೆಂಡ್ ರಾಜತಾಂತ್ರಿಕ ಕಚೇರಿ ಸೇರಿ, ರಷ್ಯನ್ ಕಾವ್ಯದ ಆಕ್ಸ್‌ಫರ್ಡ್ ಸಂಕಲನದ ಎರಡನೆಯ ಆವೃತ್ತಿಯನ್ನು ಸಂಪಾದಿಸಿ, ಕೊನೆಗೆ ಮ್ಯಾಂಚೆಸ್ಟರಿನಲ್ಲಿ ರಷ್ಯನ್ ಪ್ರಾಧ್ಯಾಪಕರಾದರು. ದೂರದ ದ್ವೀಪದ ಹುಡುಗನೂ ಅಷ್ಟು ದೂರ ಹೋಗಬಲ್ಲ.

“ಉಪಯೋಗ ಏನು?” ಎಂದು ಕೇಳುವವರಿಗೆ ಅಂಟಾರ್ಕ್ಟಿಕಾದ ಕಡೆ ಬೆರಳು ತೋರಿಸುತ್ತೇನೆ. ದಕ್ಷಿಣ ಸಾಗರದ ಜೀವಸಂಪತ್ತನ್ನು ಕಾಯುವ ಅಂತರರಾಷ್ಟ್ರೀಯ ಆಯೋಗಕ್ಕೆ ನಾಲ್ಕು ಅಧಿಕೃತ ಭಾಷೆಗಳಿವೆ. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಜೊತೆಗೆ ರಷ್ಯನ್. ಅಲ್ಲಿ ಎಲ್ಲ ಸದಸ್ಯರೂ ಒಪ್ಪಿದರೆ ಮಾತ್ರ ನಿರ್ಣಯ. ರಾಸ್ ಸಮುದ್ರದ ಸುಮಾರು 15.5 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಸಂರಕ್ಷಿಸಬೇಕೆಂದು ನ್ಯೂಜಿಲೆಂಡ್ ಮತ್ತು ಅಮೆರಿಕ ವರ್ಷಗಟ್ಟಲೆ ಒತ್ತಾಯಿಸಿದರೂ, ಕೊನೆಗೆ ರಷ್ಯಾ ಒಪ್ಪಿದ 2016ರ ಅಕ್ಟೋಬರಿನಲ್ಲಿ ಮಾತ್ರ ಅದು ಸಾಧ್ಯವಾಯಿತು. ಸಮುದ್ರ ವಿಜ್ಞಾನ, ಕಾನೂನು, ಮೀನುಗಾರಿಕೆ ಓದುವ ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಎದುರಿನವರ ಕಾಗದವನ್ನು ಮೂಲದಲ್ಲೇ ಓದಿ ಆ ಮೇಜಿನ ಮುಂದೆ ಕೂರುವಂತಾದರೆ, ಅದು ಈ ದೇಶಕ್ಕೆ ನಾವು ಕೊಡುವ ಕಾಣಿಕೆ. ಒಂದು ಕಾಲಕ್ಕೆ ಆಕ್ಲೆಂಡ್, ವಿಕ್ಟೋರಿಯಾ, ಕ್ಯಾಂಟರ್ಬರಿ, ಒಟಾಗೊ ವಿಶ್ವವಿದ್ಯಾಲಯಗಳು ನಾಲ್ಕೂ ರಷ್ಯನ್ ಕಲಿಸುತ್ತಿದ್ದವು. ಈಗ ಆ ಅವಕಾಶ ತೀರಾ ಕಿರಿದಾಗಿದೆ. ಹಾಗಾಗಿಯೇ ಹೊರಗಿನ ಚಳಿಗಾಲದ ಕೋರ್ಸುಗಳಿಗೆ ಇಷ್ಟು ಮಹತ್ವ ಬಂದಿದೆ.

ಯುದ್ಧದ ಮಾತಿಗೆ ಬರುತ್ತೇನೆ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ನಡೆಸಿದ ಆಕ್ರಮಣವನ್ನು ನಾನು ಅನ್ಯಾಯವೆಂದೇ ಹೇಳುತ್ತೇನೆ. ಮರು ತಿಂಗಳೇ ನ್ಯೂಜಿಲೆಂಡ್ ಸಂಸತ್ತು ರಷ್ಯಾ ಮೇಲಿನ ನಿರ್ಬಂಧಗಳ ಕಾಯ್ದೆಯನ್ನು ಅಂಗೀಕರಿಸಿತು. ರಷ್ಯಾಕ್ಕೆ ಹೋಗಬೇಡಿ ಎಂಬುದು ಸರ್ಕಾರದ ಪ್ರಯಾಣ ಸಲಹೆ. ಅದನ್ನು ಮೀರಿ ಹೋದರೆ ಪ್ರಯಾಣ ವಿಮೆ ಸಿಗುವುದು ಕಷ್ಟ, ನಮ್ಮ ಬ್ಯಾಂಕ್ ಕಾರ್ಡುಗಳು ಅಲ್ಲಿ ನಡೆಯುವುದಿಲ್ಲ, ಸಂಕಟದ ಹೊತ್ತಿನಲ್ಲಿ ರಾಜತಾಂತ್ರಿಕ ನೆರವೂ ಸೀಮಿತ. ಕಲಬುರಗಿ ಜಿಲ್ಲೆಯ ಕೆಲವು ಯುವಕರು ಕೆಲಸದ ಆಮಿಷ ನಂಬಿ ರಷ್ಯಾಕ್ಕೆ ಹೋಗಿ, ಯುದ್ಧಭೂಮಿಯ ಕೆಲಸಕ್ಕೆ ತಳ್ಳಲ್ಪಟ್ಟು, 2024ರಲ್ಲಿ ಬದುಕಿ ಮರಳಿದ ಸುದ್ದಿಯನ್ನು ನೀವೂ ಓದಿದ್ದೀರಿ. ಹೀಗೆ ಸಿಕ್ಕಿಬಿದ್ದ ಹಲವು ಭಾರತೀಯರು ತಮಗೆ ಓದಲು ಬಾರದ ರಷ್ಯನ್ ಒಪ್ಪಂದಗಳಿಗೆ ಸಹಿ ಹಾಕಿದ್ದರು. ಈ ಸ್ಥಿತಿ ಇರುವವರೆಗೆ ಮಾಸ್ಕೋ, ಪೀಟರ್ಸ್‌ಬರ್ಗ್ ಎಂದು ಆಸೆಪಡುವ ಮಕ್ಕಳಿಗೆ ಬೇಡ ಎನ್ನಿ. ಆ ಮಾತಿನಲ್ಲಿ ನಾನು ನಿಮ್ಮ ಜೊತೆಗಿದ್ದೇನೆ.

ಆದರೆ ರಷ್ಯನ್ ಭಾಷೆ ರಷ್ಯಾದ ಗಡಿಯೊಳಗೆ ಮುಗಿಯುವುದಿಲ್ಲ. ಬಾಂಬಿನ ಕೆಳಗೆ ನಲುಗಿದ ಹಾರ್ಕಿವ್ ನಗರದ ಎಷ್ಟೋ ಮನೆಗಳ ಮಾತೂ ಅದೇ. 2022ರ ನಂತರ ಪಾಶ್ಚಾತ್ಯ ವಿಶ್ವವಿದ್ಯಾಲಯಗಳು ತಮ್ಮ ರಷ್ಯನ್ ವಿದ್ಯಾರ್ಥಿಗಳನ್ನು ಕಜಾಕ್‌ಸ್ತಾನದ ಅಲ್ಮಾಟಿ, ಕಿರ್ಗಿಸ್ತಾನದ ಬಿಷ್ಕೆಕ್, ಲಾಟ್ವಿಯದ ರೀಗಾ, ದೌಗವ್‌ಪಿಲ್ಸ್‌ಗಳಿಗೆ ಕಳಿಸತೊಡಗಿದವು. ಅಲ್ಮಾಟಿಯ ಅಲ್-ಫರಾಬಿ ವಿಶ್ವವಿದ್ಯಾಲಯ, ಬಿಷ್ಕೆಕ್‌ನ ಅಮೆರಿಕನ್ ಯೂನಿವರ್ಸಿಟಿ ಆಫ್ ಸೆಂಟ್ರಲ್ ಏಷ್ಯಾ ಇಂಥ ವಿದ್ಯಾರ್ಥಿಗಳಿಗೆ ಪರಿಚಿತ ತಾಣಗಳು. ದೆಹಲಿಯಿಂದ ಅಲ್ಮಾಟಿಗೆ ನೇರ ವಿಮಾನವಿದೆ. ಡಿಸೆಂಬರಿನಲ್ಲಿ ಹೇಗೂ ಅಜ್ಜಿಮನೆಗೆ ಹೋಗುವ ಮಗು ಅಲ್ಲಿಂದಲೇ ಮುಂದೆ ಹೊರಟರೆ ಖರ್ಚು ಬಹಳ ತಗ್ಗುತ್ತದೆ. ನ್ಯೂಜಿಲೆಂಡ್ ಪಾಸ್‌ಪೋರ್ಟಿಗೂ ಭಾರತದ ಪಾಸ್‌ಪೋರ್ಟಿಗೂ ವೀಸಾ ನಿಯಮ ಬೇರೆ. ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ.

ಊರಿನ ಆಯ್ಕೆಯಲ್ಲಿ ಕಣ್ಣು ತೆರೆದಿರಲಿ. ಅಲ್ಮಾಟಿ ಭೂಮಧ್ಯರೇಖೆಯಿಂದ ಉತ್ತರಕ್ಕೆ ಇರುವಷ್ಟೇ ದೂರದಲ್ಲಿ ನಮ್ಮ ಕ್ರೈಸ್ಟ್‌ಚರ್ಚ್ ದಕ್ಷಿಣಕ್ಕಿದೆ, ಎರಡೂ ಹತ್ತಿರಹತ್ತಿರ 43 ಡಿಗ್ರಿಯಲ್ಲಿ. ಆದರೂ ಸಮುದ್ರದಿಂದ ಬಹು ದೂರದಲ್ಲಿರುವ ಅಲ್ಮಾಟಿಯ ಜನವರಿ ರಾತ್ರಿಗಳಲ್ಲಿ ತಾಪಮಾನ ಸೊನ್ನೆಗಿಂತ ಹತ್ತು-ಹದಿನೈದು ಡಿಗ್ರಿ ಕೆಳಗಿಳಿಯುವುದುಂಟು. ಇಲ್ಲಿನ ಚಳಿಗೆ ಕೊಂಡ ಜಾಕೆಟ್ ಅಲ್ಲಿ ಸಾಲದು. ಒಳಗೆ ಉಣ್ಣೆಯಿರುವ, ಮಂಜುಗಡ್ಡೆಯ ಮೇಲೆ ಜಾರದ ಬೂಟು ಎಲ್ಲಕ್ಕಿಂತ ಮುಖ್ಯ. ಕಲ್ಲಿದ್ದಲ ಹೊಗೆಯಿಂದ ಅಲ್ಮಾಟಿ, ಬಿಷ್ಕೆಕ್ ಎರಡರಲ್ಲೂ ಚಳಿಗಾಲದ ಗಾಳಿ ಬಹಳ ಕೆಡುತ್ತದೆ. ಆಸ್ತಮಾ ಇರುವ ಮಕ್ಕಳಿಗೆ ರೀಗಾ ಮೇಲು. ಅಲ್ಲಿ ಹಗಲು ತೀರಾ ಚಿಕ್ಕದು ಎಂಬುದನ್ನು ಮಾತ್ರ ಮೊದಲೇ ಹೇಳಿಡಿ. 2024ರ ಮೇ ತಿಂಗಳಲ್ಲಿ ಬಿಷ್ಕೆಕ್‌ನಲ್ಲಿ ದಕ್ಷಿಣ ಏಷ್ಯಾದ ವಿದ್ಯಾರ್ಥಿಗಳ ಹಾಸ್ಟೆಲುಗಳ ಮೇಲೆ ಗುಂಪು ದಾಳಿ ನಡೆಯಿತು. ಆ ಊರಿಗೆ ಕಳಿಸುವುದಾದರೆ ವಸತಿ ಎಲ್ಲಿ, ರಾತ್ರಿ ಯಾರನ್ನು ಕರೆಯಬೇಕು ಎಂದು ಸಂಸ್ಥೆಯಿಂದ ಬರಹದಲ್ಲೇ ಪಡೆಯಿರಿ. ಜನವರಿ 7 ಆರ್ಥೊಡಾಕ್ಸ್ ಕ್ರಿಸ್ಮಸ್, ಅದಕ್ಕೂ ಮೊದಲು ಹೊಸವರ್ಷದ ರಜೆ. ಪಾಠದ ವಾರಗಳು ಈ ರಜೆಗಳಲ್ಲಿ ಕರಗಿಹೋಗದ ಕೋರ್ಸನ್ನು ಆರಿಸಿ. ಸಸ್ಯಾಹಾರಿ ಮಕ್ಕಳು ಬಕ್‌ವೀಟ್ ಗಂಜಿ, ಆಲೂಗಡ್ಡೆ, ಎಲೆಕೋಸು, ಬೀಟ್‌ರೂಟ್, ಹಾಲು-ಮೊಸರುಗಳಲ್ಲಿ ದಿನ ದೂಡಬಲ್ಲರು. ಆದರೆ ಸೂಪನ್ನು ಮಾಂಸದ ರಸದಲ್ಲಿ ಕುದಿಸಿರುತ್ತಾರೆ ಎಂಬುದು ಅವರಿಗೆ ತಿಳಿದಿರಬೇಕು, ಕೇಳುವ ವಾಕ್ಯವೂ ಬಾಯಲ್ಲಿರಬೇಕು.

ಇನ್ನೊಂದು ವಿಷಯವನ್ನು ಕನ್ನಡಿಗರಾದ ನಾವೇ ಮಕ್ಕಳಿಗೆ ಹೇಳಿಕೊಡಬೇಕು. ಈ ಊರುಗಳಲ್ಲಿ ರಷ್ಯನ್ ಹಲವರ ಬಾಯಲ್ಲಿದ್ದರೂ ಅದು ಸಾಮ್ರಾಜ್ಯದ ಬಲದಿಂದ ಬಂದ ಭಾಷೆ. ಕಜಾಕ್, ಕಿರ್ಗಿಜ್, ಲಾಟ್ವಿಯನ್ ಭಾಷೆಗಳು ಆ ಭಾರದ ಕೆಳಗಿನಿಂದ ಏಳಲು ಇಂದಿಗೂ ಹೆಣಗುತ್ತಿವೆ. ಬೆಂಗಳೂರಿಗೆ ಬಂದವರು ನಾಲ್ಕು ಮಾತಾದರೂ ಕನ್ನಡ ಕಲಿಯಲಿ ಎಂದು ಬಯಸುವ ನಾವು, ಕಾಸರಗೋಡಿನ ಕನ್ನಡ ಶಾಲೆಗಳಿಗಾಗಿ ಮಿಡಿಯುವ ನಾವು, ನಮ್ಮ ಮಕ್ಕಳು ಅಲ್ಮಾಟಿಯಲ್ಲಿ ಕಾಲಿಟ್ಟ ದಿನ ಮೊದಲ ನಮಸ್ಕಾರವನ್ನು ಕಜಾಕ್ ಭಾಷೆಯಲ್ಲಿ ಹೇಳಲಿ ಎಂದು ಬಯಸಬೇಡವೇ? ನಮ್ಮ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ತರಗತಿಯ ಹೊರಗಿನ ಅತಿ ದೊಡ್ಡ ಪಾಠವೂ ಇದೇ ಎಂದು ನನಗನ್ನಿಸುತ್ತದೆ.

ಮೂರು-ನಾಲ್ಕು ವಾರಗಳಲ್ಲಿ ಏನು ಬರುತ್ತದೆ ಎಂಬುದನ್ನೂ ಬಿಚ್ಚಿ ಹೇಳಬೇಕು. ಅಮೆರಿಕದ ವಿದೇಶಾಂಗ ಸೇವೆಯವರ ಅಂದಾಜಿನಂತೆ, ಇಂಗ್ಲಿಷ್ ಮಾತಾಡುವವರು ರಷ್ಯನ್ನಿನಲ್ಲಿ ವೃತ್ತಿಗೆ ಬೇಕಾದ ಹಿಡಿತ ಪಡೆಯಲು ಸುಮಾರು 1100 ಗಂಟೆಗಳ ಪಾಠ ಬೇಕು. ವಾರಕ್ಕೆ 20 ಗಂಟೆಯಂತೆ ನಾಲ್ಕು ವಾರ ಎಂದರೆ 80 ಗಂಟೆ. ಇಷ್ಟರಲ್ಲಿ ಭಾಷೆ ಬಂದುಬಿಡುತ್ತದೆ ಎನ್ನುವ ಜಾಹೀರಾತನ್ನು ನಂಬಬೇಡಿ. ಚಿಕ್ಕ ಕೋರ್ಸು ಹಾಲಿಗೆ ಹಾಕುವ ಹೆಪ್ಪಿನಂತೆ. ಹಾಲು ಮೊದಲೇ ಕಾದು ಹದವಾಗಿರಬೇಕು, ಹೆಪ್ಪು ಹಾಕಿದ ಮೇಲೆ ಅಲುಗಿಸದೆ ಕಾಯಬೇಕು. ಹೊರಡುವ ಮೊದಲೇ 33 ಅಕ್ಷರಗಳು ತಡವರಿಸದೆ ಓದಲು ಬರಬೇಕು, ದಿನಬಳಕೆಯ ಒಂದಷ್ಟು ಮಾತು ಬಾಯಿಗೆ ಬಂದಿರಬೇಕು. ಜುಲೈ ರಜೆಯಿಂದ ಶುರು ಮಾಡಿದರೆ ಡಿಸೆಂಬರ್ ಹೊತ್ತಿಗೆ ಇಷ್ಟು ಆರಾಮವಾಗಿ ಆಗುತ್ತದೆ. ಹಾಸ್ಟೆಲಿನ ಬದಲು ಸ್ಥಳೀಯರ ಮನೆಯಲ್ಲಿ ಇಳಿಯುವ ವ್ಯವಸ್ಥೆಯಿದ್ದರೆ ಅದನ್ನೇ ಆರಿಸಿ. ಅಡುಗೆಮನೆಯಲ್ಲಿ ಚಹಾ ಕುಡಿಯುತ್ತ ಅಲ್ಲಿನ ಅಜ್ಜಿಯೊಂದಿಗೆ ಆಡಿದ ಮಾತು ತರಗತಿಯ ಪಾಠಕ್ಕಿಂತ ಬೇಗ ನಾಲಿಗೆಗೆ ಹತ್ತುತ್ತದೆ.

ಈ ಕಲಿಕೆಯಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲವಿದೆ. ಇಂಗ್ಲಿಷ್ ಒಂದನ್ನೇ ಬಲ್ಲ ಸಹಪಾಠಿಗಳು ರಷ್ಯನ್ನಿನ ಆರು ವಿಭಕ್ತಿಗಳ ಮುಂದೆ ದಿಕ್ಕೆಟ್ಟು ಕೂರುವಾಗ, ಮನೆಯಲ್ಲಿ ‘ಮರದಿಂದ, ಮರಕ್ಕೆ, ಮರದಲ್ಲಿ’ ಎಂದು ಮಾತಾಡಿ ಬೆಳೆದ ಮಗುವಿಗೆ ಆ ಲೆಕ್ಕಾಚಾರ ಹೊಸದಲ್ಲ. ಹಿರಿಯರಿಗೆ ಬಹುವಚನ, ಗೆಳೆಯರಿಗೆ ಏಕವಚನ ಬಳಸುವ ಶಿಷ್ಟಾಚಾರವೂ ಅಲ್ಲಿದೆ. ಗುರುಗಳನ್ನು ಅವರ ಹೆಸರಿನ ಜೊತೆ ತಂದೆಯ ಹೆಸರನ್ನೂ ಸೇರಿಸಿ ಕರೆಯುತ್ತಾರೆ. ಕ್ರಿಯಾಪದಗಳ ಬಳಕೆಯಲ್ಲಿ, ಅದರಲ್ಲೂ ಹೋಗು-ಬಾ ಎನ್ನುವ ಕಡೆಗಳಲ್ಲಿ, ಎಲ್ಲರಂತೆ ಅವರೂ ಬೆವರಬೇಕು. ಆದರೆ ಮನೆಮಾತು ಗಟ್ಟಿಯಿದ್ದಷ್ಟೂ ಮೂರನೆಯ ಭಾಷೆ ಹಗುರವಾಗುತ್ತದೆ. ರಷ್ಯನ್ ಕಲಿತರೆ ಕನ್ನಡ ಮರೆತಾರು ಎಂದು ಹೆದರುವವರಿಗೆ ನನ್ನ ಉತ್ತರ ಇದು: ಕನ್ನಡವನ್ನು ಮನೆಯಲ್ಲಿ ಬಿಟ್ಟುಕೊಡಬೇಡಿ, ಅದರ ಬಲದಿಂದಲೇ ಅವರು ರಷ್ಯನ್ ಕಲಿಯುತ್ತಾರೆ.

ಕೊನೆಯದಾಗಿ, ನಾವೆಲ್ಲ ಸೇರಿ ಮಾಡಬಹುದಾದ ಕೆಲಸಗಳು. ಖರ್ಚಿನಲ್ಲಿ ಒಂದು ಪಾಲನ್ನು ಮಕ್ಕಳೇ ದುಡಿದು ತರಲಿ, ಉಳಿದದ್ದನ್ನು ನಾವು ಹಾಕೋಣ. ಆಗ ಆ ಕಲಿಕೆಯ ಬೆಲೆ ಅವರಿಗೂ ತಿಳಿಯುತ್ತದೆ. ನಮ್ಮ ಕನ್ನಡ ಕೂಟಗಳು ಪ್ರತಿವರ್ಷ ಹಾಡು-ನೃತ್ಯಗಳಿಗೆ ವೇದಿಕೆ ಕೊಡುತ್ತವೆ. ಬೇರೆ ಭಾಷೆ ಕಲಿತು ಬಂದ ಮಗುವಿಗೂ ಅಲ್ಲಿ ಹತ್ತು ನಿಮಿಷ ಕೊಡಲಿ. ಚೆಖೋವನ ಒಂದು ಪುಟವನ್ನು ಮೂಲದಲ್ಲಿ ಓದಿ, ತಾನೇ ಮಾಡಿದ ಕನ್ನಡ ಅನುವಾದವನ್ನೂ ಓದಲಿ. ಮರಳಿದ ಮೇಲೆ ಕಲಿತದ್ದು ಆರದಂತೆ ವಾರಕ್ಕೊಂದು ಗಂಟೆ ಮಾತಾಡಲು ನಮ್ಮ ನಡುವೆಯೇ ಇರುವ ರಷ್ಯನ್ ಮಾತಿನ ನೆರೆಹೊರೆಯವರನ್ನು ಕೇಳಿ. ಅವರಲ್ಲಿ ಉಕ್ರೇನಿನಿಂದ ಬಂದವರೂ ಇರಬಹುದು. ಆ ಭಾಷೆ ಈಗ ಬೇಡ ಎಂದು ಅವರು ಹೇಳಿದರೆ ಆ ನೋವನ್ನೂ ಮಕ್ಕಳು ಗೌರವದಿಂದ ಕೇಳಿಸಿಕೊಳ್ಳಲಿ. ವಿಶ್ವವಿದ್ಯಾಲಯಗಳು ಭಾಷಾ ವಿಭಾಗಗಳನ್ನು ಕಡಿತಗೊಳಿಸಲು ಹೊರಟಾಗ, ಶುಲ್ಕ ಕಟ್ಟುವ ಪೋಷಕರಾಗಿ ನಾವೂ ಪತ್ರ ಬರೆದು ವಿರೋಧಿಸೋಣ.

ಎಂಜಿನಿಯರಿಂಗ್, ವೈದ್ಯಕೀಯ, ಲೆಕ್ಕಪತ್ರಗಳನ್ನು ನಮ್ಮ ಮಕ್ಕಳು ಹೇಗೂ ಓದುತ್ತಾರೆ. ಆ ದಾರಿಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಬದುಕಿನ ಒಂದು ರಜೆಯಲ್ಲಿ ನಾಲ್ಕು ವಾರಗಳನ್ನು ಅವರು ತಾವೇ ಇಷ್ಟಪಟ್ಟ ಕಷ್ಟದ ಕಲಿಕೆಗೆ ಕೊಡಲಿ ಎಂದಷ್ಟೇ ಕೇಳುತ್ತಿದ್ದೇನೆ. ನಾವು ಪರದೇಶಕ್ಕೆ ಹೊರಟ ದಿನ ನಮ್ಮ ಅಪ್ಪ-ಅಮ್ಮಂದಿರೂ ಹೆದರಿದ್ದರು, ಹೆದರುತ್ತಲೇ ಕಳಿಸಿಕೊಟ್ಟರು. ಈ ವರ್ಷ ನಿಮ್ಮ ಮಗನೋ ಮಗಳೋ ಈ ಪ್ರಶ್ನೆ ಹೊತ್ತು ಬಂದರೆ, ಯಾವ ಊರು, ಎಷ್ಟು ಗಂಟೆ ಪಾಠ, ವಸತಿ ಎಲ್ಲಿ, ವಿಮೆ ಇದೆಯೇ ಎಂದು ಕೇಳಿ. ಸರಿಯಾದ ಉತ್ತರ ಸಿಕ್ಕರೆ ಹೋಗಿ ಬಾ ಎನ್ನಿ.

ಇತಿ ನಿಮ್ಮವಳು,
ಆಕ್ಲೆಂಡಿನ ವಾರಾಂತ್ಯದ ಕನ್ನಡ ತರಗತಿಯ ಒಬ್ಬ ಶಿಕ್ಷಕಿ